ಮನೆಯಲ್ಲೇ ಗಟ್ಟಿ ಮೊಸರು: ಬಯಲುಸೀಮೆಯ ಬಿಸಿಲಿಗೂ ಚಳಿಗೂ ತಕ್ಕಂತೆ ಹೆಪ್ಪು ಹಾಕುವ ಕ್ರಮ

ದಾವಣಗೆರೆ, ಚಿತ್ರದುರ್ಗದ ಕಡೆಯ ಊಟದಲ್ಲಿ ಜೋಳದ ರೊಟ್ಟಿಯಿರಲಿ, ರಾಗಿ ಮುದ್ದೆಯಿರಲಿ, ನವಣೆ ಅನ್ನವಿರಲಿ, ಕೊನೆಗೊಂದು ಸೌಟು ಮೊಸರೋ ಮಜ್ಜಿಗೆಯೋ ಬೀಳದಿದ್ದರೆ ಉಂಡಂತೆ ಆಗುವುದಿಲ್ಲ. ಆದರೂ ಮನೆಯಲ್ಲಿ ಮೊಸರು ಮಾಡುವವರ ದೂರು ವರ್ಷವಿಡೀ ಒಂದೇ ಬಗೆಯದು. ಅದೇ ಹಾಲು, ಅದೇ ಹೆಪ್ಪು, ಅದೇ ಪಾತ್ರೆ. ಸಂಕ್ರಾಂತಿಯ ಹೊತ್ತಿನಲ್ಲಿ ಬೆಳಗಾದರೂ ಹಾಲು ಹಾಲಾಗಿಯೇ ಉಳಿದಿರುತ್ತದೆ, ಯುಗಾದಿ ಕಳೆದ ಮೇಲೆ ಬೆಳಗಾಗುವಷ್ಟರಲ್ಲಿ ಬಾಯಿಗಿಡಲಾಗದಷ್ಟು ಹುಳಿಯಾಗಿರುತ್ತದೆ. ಆಗ ಬೈಗುಳ ಬೀಳುವುದು ಒಂದೋ ಹಾಲಿಗೆ, ಇಲ್ಲವೇ ಪಕ್ಕದ ಮನೆಯಿಂದ ತಂದ ಹೆಪ್ಪಿಗೆ. ನಿಜದಲ್ಲಿ ಹತ್ತರಲ್ಲಿ ಎಂಟು ಸಲ ತಪ್ಪು ಇವೆರಡರದೂ ಅಲ್ಲ, ಬಿಸಿಯದು. ಹಾಲನ್ನು ಎಷ್ಟು ಹೊತ್ತು ಕಾಯಿಸಿದೆವು, ಎಷ್ಟು ಆರಿದ ಮೇಲೆ ಹೆಪ್ಪು ಹಾಕಿದೆವು, ಹಾಕಿದ ಮೇಲೆ ಆ ಬೆಚ್ಚನೆಯನ್ನು ಎಷ್ಟು ಹೊತ್ತು ಕಾಪಾಡಿದೆವು ಎಂಬುದರ ಮೇಲೆಯೇ ಮೊಸರಿನ ಗತಿ ನಿಂತಿದೆ. ಈ ಲೇಖನದಲ್ಲಿ ಒಂದು ಲೀಟರ್ ಹಾಲಿನ ಲೆಕ್ಕದಲ್ಲಿ ಇಡೀ ಕ್ರಮವನ್ನು ವಿವರಿಸಲಾಗಿದೆ. ಹೆಚ್ಚು ಹಾಲಿದ್ದರೆ ಪ್ರಮಾಣವನ್ನು ಅದೇ ಅನುಪಾತದಲ್ಲಿ ಹೆಚ್ಚಿಸಿಕೊಳ್ಳಬಹುದು.

ಹಾಲಿನ ಆಯ್ಕೆ

ಮೊಸರಿನ ಗಟ್ಟಿತನ ಕೊಬ್ಬಿನಿಂದ ಬರುತ್ತದೆ ಎಂಬುದು ಅರ್ಧ ಸತ್ಯ. ಕೊಬ್ಬು ರುಚಿಯನ್ನೂ ನುಣುಪನ್ನೂ ಕೊಡುತ್ತದೆ; ಗಟ್ಟಿತನ ಕೊಡುವುದು ಮುಖ್ಯವಾಗಿ ಹಾಲಿನ ಪ್ರೋಟೀನ್, ಅದರಲ್ಲೂ ಕೇಸಿನ್ ಎಂಬ ಪ್ರೋಟೀನ್. ಹಸುವಿನ ಹಾಲಿನಲ್ಲಿ ಒಟ್ಟು ಪ್ರೋಟೀನ್ ಸುಮಾರು ಶೇ 3.2ರಷ್ಟಿದ್ದರೆ ಎಮ್ಮೆಯ ಹಾಲಿನಲ್ಲಿ ಶೇ 4ರ ಆಸುಪಾಸಿನಲ್ಲಿರುತ್ತದೆ. ಹಳ್ಳಿಯ ಎಮ್ಮೆ ಹಾಲಿನ ಮೊಸರನ್ನು ಚಾಕುವಿನಿಂದ ಕೊಯ್ಯಬಹುದು ಎನ್ನುವ ಮಾತಿಗೆ ಇದೇ ಆಧಾರ. ಪ್ಯಾಕೆಟ್ ಹಾಲಿನಲ್ಲಿ ಟೋನ್ಡ್ ಹಾಲಿಗೆ ಶೇ 3 ಕೊಬ್ಬು, ಶೇ 8.5 ಕೊಬ್ಬೇತರ ಘನಾಂಶ. ಸ್ಟ್ಯಾಂಡರ್ಡೈಸ್ಡ್ ಹಾಲಿಗೆ ಶೇ 4.5 ಮತ್ತು ಶೇ 8.5, ಫುಲ್ ಕ್ರೀಮ್ ಹಾಲಿಗೆ ಶೇ 6 ಮತ್ತು ಶೇ 9 ಎಂಬುದು ಕನಿಷ್ಠ ಮಾನದಂಡ. ಪ್ಯಾಕೆಟ್ಟಿನ ಮೇಲೆ ಈ ಅಂಕಿಗಳು ಅಚ್ಚಾಗಿರುತ್ತವೆ. ಬಣ್ಣ ನೋಡಿ ಕೊಳ್ಳುವುದಕ್ಕಿಂತ ಅವನ್ನು ಓದಿ ಕೊಳ್ಳುವುದು ಮೇಲು. ದಿನದ ಊಟಕ್ಕೆ ಟೋನ್ಡ್ ಹಾಲು ಧಾರಾಳ ಸಾಕು. ಹಬ್ಬದ ಶ್ರೀಖಂಡಕ್ಕೋ ನೆಂಟರು ಬಂದಾಗಿನ ಮೊಸರನ್ನಕ್ಕೋ ಕೊಬ್ಬು ಹೆಚ್ಚಿರುವ ಹಾಲು ಒಳ್ಳೆಯದು.

ಪ್ಯಾಕೆಟ್ ಹಾಲಿನ ಮೊಸರಿನ ಮೇಲೆ ಕೆನೆಯೇ ಕಟ್ಟುವುದಿಲ್ಲ ಎಂದು ಕೆಲವರು ಕಲಬೆರಕೆಯ ಶಂಕೆ ಪಡುವುದುಂಟು. ಹೋಮೋಜಿನೈಸ್ ಮಾಡಿದ ಹಾಲಿನಲ್ಲಿ ಕೊಬ್ಬಿನ ಕಣಗಳನ್ನು ಒತ್ತಡದಿಂದ ತೀರ ಸಣ್ಣದಾಗಿ ಒಡೆದಿರುವುದರಿಂದ ಅವು ಮೇಲಕ್ಕೆ ತೇಲಿ ಬರುವುದಿಲ್ಲ, ಹಾಲಿನ ತುಂಬ ಹರಡಿಕೊಂಡೇ ಇರುತ್ತವೆ. ಮೊಸರು ನುಣುಪಾಗುತ್ತದೆ, ಕೆನೆ ಮಾತ್ರ ಸಿಗುವುದಿಲ್ಲ. ಬೆಣ್ಣೆ ತೆಗೆಯುವ ಆಸೆಯಿದ್ದವರು ಹೋಮೋಜಿನೈಸ್ ಮಾಡದ ಹಾಲನ್ನೋ, ವರ್ತನೆಯವರು ತಂದುಕೊಡುವ ಹಾಲನ್ನೋ ಆರಿಸಿಕೊಳ್ಳಬೇಕು.

ವರ್ತನೆ ಹಾಲು ತೆಗೆದುಕೊಳ್ಳುವವರು ಎರಡು ಸಂಗತಿ ಕೇಳಿ ತಿಳಿದುಕೊಳ್ಳುವುದು ಲೇಸು. ಹಸುವಿಗೆ ಕೆಚ್ಚಲು ಬಾವು ಬಂದು ಔಷಧ ನಡೆಯುತ್ತಿದ್ದರೆ ಆ್ಯಂಟಿಬಯಾಟಿಕ್‌ನ ಅಂಶ ಹಾಲಿಗೂ ಇಳಿಯುತ್ತದೆ. ಅಂಥ ಹಾಲಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯಲಾರವು. ಎಷ್ಟು ಕಾಯಿಸಿದರೂ ಔಷಧದ ಅಂಶ ಪೂರ್ತಿ ಹೋಗುವುದಿಲ್ಲ. ಕರು ಹಾಕಿದ ಮೊದಲ ಕೆಲವು ದಿನಗಳ ಗಿಣ್ಣು ಹಾಲು ಕಾಯಿಸುವಾಗಲೇ ಗಡ್ಡೆಕಟ್ಟುವುದರಿಂದ ಅದು ಗಿಣ್ಣಿಗೇ ಸರಿ, ಮೊಸರಿಗಲ್ಲ. ಇನ್ನು ಹಸಿ ಹಾಲಿಗೆ ನೇರವಾಗಿ ಹೆಪ್ಪು ಹಾಕುವ ಅಭ್ಯಾಸವಿದ್ದರೆ ಬಿಡಬೇಕು. ಬ್ರುಸೆಲ್ಲೋಸಿಸ್, ಕ್ಷಯದಂಥ ರೋಗಗಳು ಹಸಿ ಹಾಲಿನಿಂದ ಮನುಷ್ಯರಿಗೆ ಬರಬಲ್ಲವು. ಮೊಸರಿನ ಹುಳಿಯೊಂದನ್ನೇ ನಂಬಿ ಅವನ್ನು ಕೊಲ್ಲುತ್ತದೆ ಎಂದುಕೊಳ್ಳಬಾರದು.

ಕಾಯಿಸುವುದು

ಹಾಲು ಒಂದು ಸಲ ಉಕ್ಕಿದ ಕೂಡಲೇ ಒಲೆ ಆರಿಸುವುದು ಕಾಫಿ, ಚಹಾಕ್ಕೆ ಸರಿ. ಮೊಸರಿನ ಹಾಲಿಗೆ ಅಷ್ಟು ಸಾಲದು. ಪ್ಯಾಕೆಟ್ ಹಾಲನ್ನು ಡೇರಿಯಲ್ಲಿ ಈಗಾಗಲೇ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿ ಪಾಶ್ಚರೀಕರಿಸಿರುತ್ತಾರೆ. ಅದು ರೋಗಾಣುಗಳನ್ನು ಕೊಲ್ಲಲು ಸಾಕಾಗುವ ಬಿಸಿಯೇ ಹೊರತು ಮೊಸರನ್ನು ಗಟ್ಟಿ ಮಾಡುವ ಬಿಸಿಯಲ್ಲ. ಹಾಲಿನಲ್ಲಿ ಕೇಸಿನ್ ಅಲ್ಲದೆ ವ್ಹೇ ಪ್ರೋಟೀನ್‌ಗಳೆಂಬ ಇನ್ನೊಂದು ಗುಂಪಿದೆ. ಸುಮಾರು 85 ಡಿಗ್ರಿಯಲ್ಲಿ ಅರ್ಧ ಗಂಟೆಯೋ, 90ರಿಂದ 95 ಡಿಗ್ರಿಯಲ್ಲಿ ಐದು ನಿಮಿಷವೋ ಕಾಯಿಸಿದಾಗ ಇವುಗಳ ರಚನೆ ಸಡಿಲಗೊಂಡು, ಅವು ಕೇಸಿನ್ ಕಣಗಳಿಗೆ ಹೋಗಿ ಅಂಟಿಕೊಳ್ಳುತ್ತವೆ. ಮುಂದೆ ಹಾಲು ಹುಳಿಯಾದಾಗ ಈ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಜಾಲವಾಗುತ್ತವೆ. ನೆನೆದ ಹತ್ತಿ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಆ ಜಾಲ ಹಾಲಿನ ನೀರನ್ನೆಲ್ಲ ತನ್ನೊಳಗೆ ಹಿಡಿದಿಡುತ್ತದೆ. ಕಾಯಿಸುವುದು ಕಡಿಮೆಯಾದರೆ ಜಾಲ ದುರ್ಬಲವಾಗಿ ಮೊದಲ ಸೌಟು ಇಳಿದ ಕೂಡಲೇ ನೀರು ಬಿಟ್ಟುಕೊಳ್ಳುತ್ತದೆ.

ಆದ್ದರಿಂದ ಹಾಲು ಉಕ್ಕಿ ಬಂದ ಮೇಲೆ ಉರಿಯನ್ನು ತೀರ ಸಣ್ಣದು ಮಾಡಿ, ತಳ ಹಿಡಿಯದಂತೆ ಆಗಾಗ ಸೌಟಿನಿಂದ ತಿರುವುತ್ತ, ಹತ್ತು ಹನ್ನೆರಡು ನಿಮಿಷ ಕಾಯಿಸಬೇಕು. ಇದರಿಂದ ಒಂದಿಷ್ಟು ನೀರಿನಂಶವೂ ಆವಿಯಾಗುತ್ತದೆ. ಒಂದು ಲೀಟರ್ ಹಾಲು 900 ಮಿಲಿ ಲೀಟರಿಗೆ ಇಳಿದರೆ ಪ್ರೋಟೀನಿನ ಪ್ರಮಾಣ ಶೇ 3.2ರಿಂದ ಶೇ 3.5ಕ್ಕೆ ಏರುತ್ತದೆ. ಅಷ್ಟೇ ವ್ಯತ್ಯಾಸ ನಾಲಗೆಗೆ ಸ್ಪಷ್ಟವಾಗಿ ತಿಳಿಯುತ್ತದೆ. ಸಮಯವಿಲ್ಲದವರು ಒಂದು ಲೀಟರಿಗೆ ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿಯನ್ನು ಸ್ವಲ್ಪ ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ, ಕಾಯಿಸುವ ಮೊದಲೇ ಸೇರಿಸಬಹುದು. ಕಾರ್ನ್‌ಫ್ಲೋರ್ ಕಲಸುವ ಸಲಹೆಯೂ ಆಗಾಗ ಕೇಳಿಬರುತ್ತದೆ. ಅದರಿಂದ ಗಟ್ಟಿಯಾಗುವುದು ಅಂಬಲಿ, ಮೊಸರಲ್ಲ.

ಆರಿಸುವುದು

ಕ್ರಮದಲ್ಲಿ ಅತ್ಯಂತ ಎಚ್ಚರ ಬೇಕಾದ ಹಂತ ಇದು. ಮನೆಯ ಹೆಪ್ಪಿನಲ್ಲಿರುವುದು ಒಂದೇ ಜಾತಿಯ ಬ್ಯಾಕ್ಟೀರಿಯಾ ಅಲ್ಲ. 30 ಡಿಗ್ರಿಯ ಆಸುಪಾಸಿನಲ್ಲಿ ಹುಲುಸಾಗಿ ಬೆಳೆಯುವ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್‌ನಂಥವು ಕೆಲವು; 40ರಿಂದ 45 ಡಿಗ್ರಿಯನ್ನು ಇಷ್ಟಪಡುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಜಾತಿಯವು ಇನ್ನು ಕೆಲವು. ತಂಪಿನಲ್ಲಿ ನಿಧಾನವಾಗಿ ಕಟ್ಟಿದ ಮೊಸರು ಸಪ್ಪೆಯಾಗಿ ಹಿತವಾಗಿರುವುದಕ್ಕೂ, ಸೆಕೆಯಲ್ಲಿ ಬೇಗ ಕಟ್ಟಿದ್ದು ಚುರುಕು ಹುಳಿಯಾಗುವುದಕ್ಕೂ ಈ ಎರಡು ಗುಂಪುಗಳಲ್ಲಿ ಯಾವುದರ ಕೈ ಮೇಲಾಯಿತು ಎಂಬುದು ಬಹುಮಟ್ಟಿಗೆ ಕಾರಣ. ಹಾಲು 50 ಡಿಗ್ರಿಗಿಂತ ಬಿಸಿಯಿರುವಾಗ ಹೆಪ್ಪು ಹಾಕಿದರೆ ಇವುಗಳಲ್ಲಿ ಬಹಳಷ್ಟು ಸಾಯುತ್ತವೆ ಇಲ್ಲವೇ ಸೊರಗುತ್ತವೆ. ತೀರ ಬಿಸಿಯಿದ್ದರೆ ಹಾಲು ಒಡೆದು ಗಡ್ಡೆಗಡ್ಡೆಯಾಗುವುದೂ ಉಂಟು. ಪೂರ್ತಿ ತಣ್ಣಗಾದ ಮೇಲೆ ಹಾಕಿದರೆ ಅವು ಎಚ್ಚರಗೊಳ್ಳಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಬೇಡದ ಜೀವಿಗಳು ಜಾಗ ಹಿಡಿಯುತ್ತವೆ.

ಥರ್ಮಾಮೀಟರ್ ಇದ್ದವರು 43 ಡಿಗ್ರಿಯನ್ನು ಗುರಿಯಾಗಿಟ್ಟುಕೊಳ್ಳಬಹುದು. ಇಲ್ಲದವರು ಶುಚಿಯಾದ ಚಮಚದಿಂದ ಒಂದು ಹನಿ ಹಾಲನ್ನು ಮುಂಗೈಯ ಒಳಭಾಗಕ್ಕೆ ಬಿಟ್ಟು ನೋಡಬೇಕು: ಚುರುಕ್ಕೆನ್ನಬಾರದು, ಬೆಚ್ಚಗಿದೆ ಎಂದು ಸ್ಪಷ್ಟವಾಗಿ ತಿಳಿಯಬೇಕು. ಬೆರಳದ್ದಿ ನೋಡುವ ರೂಢಿ ಹಳೆಯದೇ ಆದರೂ ಕೈಯ ಕೊಳೆ ಹಾಲಿಗೆ ಸೇರುವ ದಾರಿ ಅದು. ಒಂದು ಲೀಟರ್ ಹಾಲು ತಾನಾಗಿ ಈ ಹದಕ್ಕೆ ಇಳಿಯಲು ಒಂದು ಗಂಟೆಯೋ ಇನ್ನೂ ಸ್ವಲ್ಪ ಹೆಚ್ಚೋ ಬೇಕು. ತಣ್ಣೀರು ತುಂಬಿದ ಬೇಸಿನ್ನಿನಲ್ಲಿ ಪಾತ್ರೆ ಇಟ್ಟು ಹಾಲನ್ನು ತಿರುವಿದರೆ ಹದಿನೈದು ನಿಮಿಷದೊಳಗೆ ಮುಗಿಯುತ್ತದೆ.

ಹೆಪ್ಪು: ಎಷ್ಟು, ಎಂಥದ್ದು

ಸಾಮಾನ್ಯ ದಿನಗಳಲ್ಲಿ ಒಂದು ಲೀಟರಿಗೆ ಎರಡು ಟೀ ಚಮಚ, ಅಂದರೆ ಸುಮಾರು 10 ಮಿಲಿ ಲೀಟರ್ ಹೆಪ್ಪು ಸಾಕು. ಹೆಪ್ಪು ಹೆಚ್ಚು ಹಾಕಿದಷ್ಟೂ ಮೊಸರು ಗಟ್ಟಿಯಾಗುತ್ತದೆ ಎಂಬ ನಂಬಿಕೆ ಬಲವಾಗಿದ್ದರೂ ಆಗುವುದು ತದ್ವಿರುದ್ಧ. ಹೆಪ್ಪು ಹೆಚ್ಚಾದರೆ ಹುಳಿ ಅವಸರದಲ್ಲಿ ಏರಿ, ಜಾಲ ಒರಟಾಗಿ ಕಟ್ಟಿ, ಮೊಸರು ತರಿತರಿಯಾಗಿ ನೀರು ಬಿಡುತ್ತದೆ. ಹೆಪ್ಪನ್ನು ಮೊದಲು ಬಟ್ಟಲಲ್ಲಿ ಒಂದೆರಡು ಚಮಚ ಬೆಚ್ಚನೆಯ ಹಾಲಿನೊಂದಿಗೆ ಗಂಟಿಲ್ಲದಂತೆ ಕದಡಿ, ಆಮೇಲೆ ಪಾತ್ರೆಗೆ ಸುರಿದು, ಸೌಟಿನಿಂದ ತಳದವರೆಗೆ ನಾಲ್ಕಾರು ಸಲ ತಿರುವಬೇಕು. ಹೀಗೆ ಮಾಡದೆ ಮೇಲಿನಿಂದ ಒಂದು ಉಂಡೆ ಬಿಟ್ಟು ಮುಚ್ಚಿಟ್ಟರೆ ಅಲ್ಲಲ್ಲಿ ಹುಳಿ, ಅಲ್ಲಲ್ಲಿ ಸಪ್ಪೆ.

ಹೆಪ್ಪು ಒಂದು ಅಥವಾ ಎರಡು ದಿನ ಹಿಂದಿನದಾಗಿರಬೇಕು, ಹುಳಿ ಏರಿರಬಾರದು. ಮೊದಲ ಸಲ ಮಾಡುವವರು ಅಂಗಡಿಯ ಸಾದಾ ಮೊಸರನ್ನು ತಂದು ಬಳಸಬಹುದು. ಸಕ್ಕರೆ, ಹಣ್ಣಿನ ರುಚಿ ಬೆರೆಸಿದ್ದು ಬೇಡ, ಮೊಸರು ಕಟ್ಟಿದ ಮೇಲೆ ಮತ್ತೆ ಬಿಸಿ ಮಾಡಿ ತಿಂಗಳುಗಟ್ಟಲೆ ಬಾಳುವಂತೆ ಮಾಡಿದ್ದಂತೂ ಬೇಡವೇ ಬೇಡ, ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿದಿರುವುದಿಲ್ಲ. ಪಕ್ಕದ ಮನೆಯಿಂದ ತರುವುದು ಎಲ್ಲಕ್ಕಿಂತ ಸುಲಭ, ದೀಪ ಹಚ್ಚುವುದಕ್ಕೆ ಮುಂಚೆ ಹೋದರೆ. ಮುಸ್ಸಂಜೆಯ ಮೇಲೆ ಹೆಪ್ಪು, ಉಪ್ಪು ಕೊಡದ ಮನೆಗಳು ಈಗಲೂ ಇವೆ.

ಹೆಪ್ಪು ಎಲ್ಲಿಯೂ ಸಿಗದಿದ್ದಾಗ ತೊಟ್ಟಿರುವ ಒಂದೆರಡು ಮೆಣಸಿನಕಾಯಿಯನ್ನು ಬೆಚ್ಚನೆಯ ಹಾಲಿನಲ್ಲಿ ಮುಳುಗಿಸಿಡುವ ಉಪಾಯ ನಮ್ಮ ಕಡೆ ಚಾಲ್ತಿಯಲ್ಲಿದೆ. ಗಿಡದಿಂದ ಬಂದ ತೊಟ್ಟು, ಸಿಪ್ಪೆಗಳ ಮೇಲೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಸಹಜವಾಗಿ ಇರುವುದರಿಂದ ಇದು ಕೆಲಸ ಮಾಡಬಲ್ಲದು. ಆದರೆ ಅವುಗಳ ಜೊತೆ ಬೇರೆ ಜೀವಿಗಳೂ ಇರುತ್ತವೆ. ಮೊದಲ ಮೊಸರು ತೆಳ್ಳಗಾಗಿಯೋ ವಾಸನೆಯಾಗಿಯೋ ಬರುವುದು ಹೆಚ್ಚು. ಬೇರೆ ದಾರಿಯಿದ್ದರೆ ಈ ದಾರಿ ಹಿಡಿಯಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಂಬೆಹಣ್ಣನ್ನೋ ಹುಣಿಸೆಹಣ್ಣನ್ನೋ ಹಿಂಡಿದಾಗ ಆಗುವುದು ಇದಕ್ಕಿಂತ ಬೇರೆ. ಅಲ್ಲಿ ಹೊರಗಿನ ಹುಳಿ ಒಮ್ಮೆಲೇ ಬಿದ್ದು ಹಾಲು ಒಡೆಯುತ್ತದೆ, ಪನೀರಿನ ದಾರಿ ಹಿಡಿಯುತ್ತದೆ. ಮೊಸರಿನಲ್ಲಾದರೋ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ತಿಂದು ಒಳಗಿಂದೊಳಗೇ ನಿಧಾನವಾಗಿ ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುತ್ತವೆ. ಹಾಲಿನ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6.6ರಿಂದ ಇಳಿಯುತ್ತ 4.6ರ ಹತ್ತಿರಕ್ಕೆ ಬಂದಾಗ ಇಡೀ ಪಾತ್ರೆ ಅಲ್ಲಾಡದೆ ಒಂದೇ ಮುದ್ದೆಯಾಗಿ ಕಟ್ಟುತ್ತದೆ.

ಪಾತ್ರೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಸ್ಟೀಲ್, ಗಾಜು, ಪಿಂಗಾಣಿ ಯಾವುದೂ ಆದೀತು. ಮಣ್ಣಿನ ಕುಡಿಕೆ ಮೇಲಿನ ನೀರನ್ನು ಹೀರಿಕೊಂಡು ಮೊಸರನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಆದರೆ ಅದನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸದಿದ್ದರೆ ಹಳೆಯ ಹುಳಿ ಅಲ್ಲಿಯೇ ಉಳಿಯುತ್ತದೆ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನೂ ಅಲ್ಯೂಮಿನಿಯಂ ಬೋಗುಣಿಯನ್ನೂ ಮೊಸರಿಗೆ ಬಳಸಲೇಬಾರದು. ಹುಳಿ ಲೋಹವನ್ನು ಕರಗಿಸುತ್ತದೆ.

ಕಾಲಕ್ಕೆ ತಕ್ಕಂತೆ

ದಾವಣಗೆರೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 35 ಡಿಗ್ರಿ ದಾಟುವುದು ಸಾಮಾನ್ಯ. ಆರ್‌ಸಿಸಿ ಮನೆಯಾದರೆ ಹಗಲು ಕಾದ ತಾರಸಿ ರಾತ್ರಿಯಿಡೀ ಆ ಬಿಸಿಯನ್ನು ಒಳಗೆ ಬಿಡುತ್ತಲೇ ಇರುತ್ತದೆ. ಇಂಥ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಹೆಪ್ಪು ಹಾಕಿ ಬೆಳಗಿನವರೆಗೆ ಬಿಡುವ ಪದ್ಧತಿಯೇ ಹುಳಿಯ ಮೂಲ. ನಾಲ್ಕೈದು ಗಂಟೆಯಲ್ಲಿ ಕಟ್ಟುವ ಮೊಸರು ಎಂಟು ಗಂಟೆ ಹೊರಗೆ ಕುಳಿತರೆ ಇನ್ನೇನಾದೀತು? ಬೇಸಿಗೆಯಲ್ಲಿ ಹಾಲನ್ನು 38ರಿಂದ 40 ಡಿಗ್ರಿಯವರೆಗೆ ಆರಿಸಿ, ಲೀಟರಿಗೆ ಅರ್ಧದಿಂದ ಒಂದು ಟೀ ಚಮಚ ಮಾತ್ರ ಹೆಪ್ಪು ಹಾಕಬೇಕು. ಸಾಧ್ಯವಿದ್ದರೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹಾಕಿ ಮಧ್ಯಾಹ್ನದ ಊಟಕ್ಕೆ ಮುಂಚೆ ಫ್ರಿಜ್ಜಿಗೆ ಸೇರಿಸಬೇಕು. ಹಳೆಯ ಮಾಳಿಗೆ ಮನೆಗಳಲ್ಲಿ ಮಣ್ಣಿನ ಮೇಲ್ಛಾವಣಿ ಒಳಗನ್ನು ತಂಪಾಗಿಡುವುದರಿಂದ ಅಲ್ಲಿಯ ಲೆಕ್ಕ ಬೇರೆ, ಇನ್ನೊಂದೆರಡು ಗಂಟೆ ಹೆಚ್ಚು ಹಿಡಿಯುತ್ತದೆ. ಫ್ರಿಜ್ ಇಲ್ಲದಿದ್ದರೆ ಕಟ್ಟಿದ ಮೊಸರಿನ ಪಾತ್ರೆಯನ್ನು ಅಗಲ ತಟ್ಟೆಯ ನೀರಿನಲ್ಲಿಟ್ಟು, ಒದ್ದೆ ಹತ್ತಿ ಬಟ್ಟೆಯನ್ನು ಅಂಚು ನೀರಿಗೆ ತಾಗುವಂತೆ ಹೊದಿಸಬಹುದು. ನಮ್ಮ ಒಣ ಸೆಕೆಯಲ್ಲಿ ಬಟ್ಟೆಯ ನೀರು ಬೇಗ ಆವಿಯಾಗಿ ಪಾತ್ರೆ ತಂಪಾಗುತ್ತದೆ.

ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿಳಿದಾಗ ಸಮಸ್ಯೆ ತಿರುವುಮುರುವು. ಆಗ 45 ಡಿಗ್ರಿಯಲ್ಲಿಯೇ, ಲೀಟರಿಗೆ ಮೂರು ಟೀ ಚಮಚದಂತೆ ಹೆಪ್ಪು ಹಾಕಿ, ಬೆಚ್ಚನೆಯನ್ನು ಹಿಡಿದಿಡುವ ವ್ಯವಸ್ಥೆ ಮಾಡಬೇಕು. ಹಾಟ್‌ಬಾಕ್ಸ್ ಇದ್ದರೆ ಅದಕ್ಕಿಂತ ಸುಲಭದ್ದಿಲ್ಲ: ಮೊದಲು ಅದಕ್ಕೆ ಬಿಸಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಹೆಪ್ಪು ಬೆರೆಸಿದ ಹಾಲು ಸುರಿದು ಮುಚ್ಚಬೇಕು. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಮನೆಯಲ್ಲಿದ್ದರೆ ಪಾತ್ರೆಯನ್ನು ಎರಡು ಸುತ್ತು ಸುತ್ತಿಡಬಹುದು. ಅಕ್ಕಿ ಅಥವಾ ಜೋಳ ತುಂಬಿದ ಡಬ್ಬದಲ್ಲಿ ಕುತ್ತಿಗೆಯವರೆಗೆ ಹೂತಿಡುವುದೂ ಒಳ್ಳೆಯದೇ, ಕಾಳುಗಳ ನಡುವಿನ ಗಾಳಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಸೌದೆ ಒಲೆಯಿರುವ ಮನೆಯಲ್ಲಿ ರಾತ್ರಿ ರೊಟ್ಟಿ ಬೇಯಿಸಿ ಮುಗಿಸಿದ ಮೇಲೆ ಒಲೆಯ ಪಕ್ಕದ ಕಟ್ಟೆಯೇ ತಕ್ಕ ಜಾಗ, ಕೆಂಡದ ಮೇಲಲ್ಲ. ಇಷ್ಟಾದರೂ ಎಂಟರಿಂದ ಹತ್ತು ಗಂಟೆ ಬೇಕಾಗಬಹುದು. ಬೆಳಿಗ್ಗೆ ನೋಡಿದಾಗ ಇನ್ನೂ ನೀರುನೀರಾಗಿದ್ದರೆ ಚೆಲ್ಲಬೇಕಿಲ್ಲ. ಪಾತ್ರೆಯನ್ನು ಕೈ ತಾಳುವಷ್ಟು ಬಿಸಿಯಿರುವ ನೀರಿನಲ್ಲಿಟ್ಟು ಎರಡು ಗಂಟೆ ಕಾದರೆ ಸಾಮಾನ್ಯವಾಗಿ ಕಟ್ಟಿಕೊಳ್ಳುತ್ತದೆ.

ಚಿತ್ರದುರ್ಗದಲ್ಲಿ ಆಷಾಢದ ಗಾಳಿಯೂ ಒಂದು ಲೆಕ್ಕ. ಜೋಗಿಮಟ್ಟಿಯ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸುವಷ್ಟು ಗಾಳಿ ಬೀಸುವ ಊರಿನಲ್ಲಿ ಕಿಟಕಿಯ ಬಳಿ ಹೆಪ್ಪಿನ ಪಾತ್ರೆ ಇಟ್ಟರೆ, ಹೊರಗೆ ಅಷ್ಟೇನೂ ಚಳಿಯಿಲ್ಲದಿದ್ದರೂ ಹಾಲಿನ ಬಿಸಿ ಬೇಗ ಇಳಿದುಹೋಗುತ್ತದೆ. ಮುಚ್ಚಿದ ಕಪಾಟಿನೊಳಗೆ ಇಡುವುದು ಲೇಸು.

ಯಾವ ಕಾಲದಲ್ಲಾದರೂ ಒಂದು ನಿಯಮಕ್ಕೆ ವಿನಾಯಿತಿ ಇಲ್ಲ: ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಅಲ್ಲಾಡಿಸಬಾರದು, ಕಟ್ಟಿದೆಯೇ ಎಂದು ಚಮಚ ಹಾಕಿ ನೋಡಬಾರದು. ಪಾತ್ರೆಯನ್ನು ಸ್ವಲ್ಪವೇ ಓರೆ ಮಾಡಿದಾಗ ಮೊಸರು ಅಂಚಿನಿಂದ ಬಿಟ್ಟುಬರದೆ ಒಂದೇ ಮುದ್ದೆಯಾಗಿ ನಿಂತರೆ ಆಯಿತೆಂದು ಅರ್ಥ. ಆ ಹೊತ್ತಿಗೇ ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ಗಂಟೆ ಬಿಟ್ಟರೆ ಜಾಲ ಇನ್ನೂ ಬಿಗಿಯಾಗಿ, ಬಡಿಸುವಾಗ ತುಂಡುತುಂಡಾಗಿ ಬರುತ್ತದೆ.

ಎಡವಟ್ಟಾದಾಗ

ಮೇಲೆ ತಿಳಿ ಹಸಿರು-ಹಳದಿ ನೀರು ನಿಂತಿದ್ದರೆ ಹೆದರಬೇಕಿಲ್ಲ; ಅದು ಮೊಸರಿನದೇ ನೀರು, ಆ ಬಣ್ಣ ರೈಬೋಫ್ಲೇವಿನ್ ಎಂಬ ವಿಟಮಿನ್ನಿನದು. ಚೆಲ್ಲುವ ಬದಲು ಚಪಾತಿ ಹಿಟ್ಟು ಕಲಸಲು ಬಳಸಬಹುದು. ಸೌಟು ಎತ್ತಿದಾಗ ದಾರದಂತೆ ಎಳೆ ಬರುವ ಲೋಳೆ ಮೊಸರು ಸಾಮಾನ್ಯವಾಗಿ ಬೆಚ್ಚನೆ ಸಾಲದಾದಾಗ ಆಗುವಂಥದ್ದು. ಕೆಲವು ಬ್ಯಾಕ್ಟೀರಿಯಾ ತಂಪಿನಲ್ಲಿ ಅಂಟು ಪದಾರ್ಥವನ್ನು ಹೆಚ್ಚು ತಯಾರಿಸುತ್ತವೆ. ವಾಸನೆ ಸರಿಯಿದ್ದರೆ ಅದನ್ನು ಕಡೆದು ಮಜ್ಜಿಗೆ ಮಾಡಿಕೊಳ್ಳಬಹುದು, ಮುಂದಿನ ಹೆಪ್ಪಿಗೆ ಮಾತ್ರ ಅದನ್ನೇ ಎತ್ತಿಡಬಾರದು, ಗುಣ ಹಾಗೆಯೇ ಮುಂದುವರಿಯುತ್ತದೆ. ಒಳಗೆಲ್ಲ ಗುಳ್ಳೆ, ತೂತುಗಳಿದ್ದು ಹೆಂಡದ ವಾಸನೆ ಬಂದರೆ ಯೀಸ್ಟ್ ಇಲ್ಲವೇ ಕೊಳಕು ನೀರಿನ ಬ್ಯಾಕ್ಟೀರಿಯಾ ಸೇರಿರುತ್ತವೆ. ಗುಲಾಬಿ, ಹಸಿರು, ಕಪ್ಪು ಬೂಷ್ಟು ಕಂಡರೆ ಮೇಲಿನದನ್ನಷ್ಟೇ ತೆಗೆದು ಉಳಿದದ್ದನ್ನು ತಿನ್ನುವ ಆಸೆ ಬೇಡ. ಇವೆರಡು ಸಂದರ್ಭಗಳಲ್ಲಿ ಇಡೀ ಮೊಸರನ್ನು ಚೆಲ್ಲಿ, ಪಾತ್ರೆಯನ್ನು ಕುದಿಯುವ ನೀರಿನಲ್ಲಿ ತೊಳೆದು, ಬೇರೆ ಮನೆಯ ಹೆಪ್ಪಿನಿಂದ ಹೊಸದಾಗಿ ಶುರುಮಾಡಬೇಕು.

ಫ್ರಿಜ್ಜಿನಲ್ಲಿಟ್ಟ ಮೊಸರು ನಾಲ್ಕೈದು ದಿನ ಊಟಕ್ಕೆ ಚೆನ್ನಾಗಿರುತ್ತದೆ, ಆಮೇಲೆ ಮಜ್ಜಿಗೆ ಹುಳಿಗೆ. ಮುಂದಿನ ಸಲದ ಹೆಪ್ಪನ್ನು ಮಾತ್ರ ಮೊಸರು ಕಟ್ಟಿದ ದಿನವೇ, ಉಪ್ಪು ಒಗ್ಗರಣೆ ಬೀಳುವ ಮೊದಲೇ, ಒಣಗಿದ ಶುಚಿಯಾದ ಸಣ್ಣ ಡಬ್ಬಿಯಲ್ಲಿ ಬೇರೆಯಾಗಿ ಎತ್ತಿಡಬೇಕು. ಊಟದ ಪಂಕ್ತಿಯಲ್ಲಿ ಹತ್ತು ಸಲ ಸೌಟಾಡಿದ ಪಾತ್ರೆಯ ತಳದಿಂದ ತೆಗೆದದ್ದು ಒಳ್ಳೆಯ ಹೆಪ್ಪಲ್ಲ. ಮನೆಮಂದಿಯೆಲ್ಲ ವಾರಗಟ್ಟಲೆ ಊರಿಗೆ ಹೋಗುವುದಿದ್ದರೆ ತಾಜಾ ಮೊಸರನ್ನು ಐಸ್ ತಟ್ಟೆಯ ಗುಳಿಗಳಲ್ಲಿ ತುಂಬಿ ಫ್ರೀಜರಿನಲ್ಲಿಡಬಹುದು. ಒಂದೆರಡು ತಿಂಗಳವರೆಗೂ ಅದು ಕೆಲಸಕ್ಕೆ ಬರುತ್ತದೆ. ಬಳಸುವಾಗ ಒಂದು ತುಂಡನ್ನು ಬಟ್ಟಲಲ್ಲಿ ಪೂರ್ತಿ ಕರಗಲು ಬಿಟ್ಟು, ಆಮೇಲೆ ಬೆಚ್ಚನೆಯ ಹಾಲಿಗೆ ಬೆರೆಸಬೇಕು. ಹಿಮಗಟ್ಟಿದಾಗ ಬ್ಯಾಕ್ಟೀರಿಯಾಗಳಲ್ಲಿ ಒಂದಿಷ್ಟು ಸತ್ತಿರುವುದರಿಂದ ಆ ಮೊದಲ ಸಲ ಎಂದಿಗಿಂತ ಎರಡು ಮೂರು ಗಂಟೆ ಹೆಚ್ಚು ಕಾಯಬೇಕಾಗುತ್ತದೆ, ಎರಡನೆಯ ಸಲದಿಂದ ಎಂದಿನ ಹೊತ್ತಿಗೇ ಕಟ್ಟುತ್ತದೆ.